ಬೆಂಚಿನ ಮಟ್ಟ ಓದಿದ ಕಾಕಾ

ನಮ್ಮ ಕಾಕಾ ಇಡೀ ಇಂಟರ್‌ನೆಟ್ಟನ್ನು ನೋಡಿ ಮುಗಿಸಿದವರು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ. ಆದರೆ ಹಾಗೆಂದು ಅವರೇ ಒಂದು ಸೋಮವಾರ ಇಂಡಿ ಊರಿನ ಸೈಬರ್ ಅಂಗಡಿಯಲ್ಲಿ, ಎಲ್ಲರಿಗೂ ಕೇಳುವಂತೆ ಘೋಷಿಸಿದರು:

"ಎಲ್ಲಾ ನೋಡಿದೆ ತಮ್ಮಾ. ಅದರಾಗ ನೋಡೂವಂಥಾದ್ದು ಒಂದ ಐತಿ. ಉಳಿದದ್ದೆಲ್ಲಾ ಗಾಳಿ."

ಆ ಒಂದು ಯಾವುದು? ಒಂದು ಬೆಂಚು! ಕಟ್ಟಿಗೆಯ, ಖಾಲಿ ಬೆಂಚು!

ಕಾಕಾ ಅಂದರೆ ನಮ್ಮ ತಂದೆಯ ಚುಲತ ತಮ್ಮ, ಚಿಕ್ಕಪ್ಪನ ಮಗ. ನೌಕರಿ ಪೂರ್ತಿ ಆಲಮಟ್ಟಿಯ ಕಡೆ ಕೃಷ್ಣೆಯ ದಂಡೆಯಲ್ಲಿ ಕಳೆದವರು. ನೀರಿನೊಳಗೆ ನೆಟ್ಟ ಅಳತೆಗಂಬವನ್ನು ದಿನಕ್ಕೆ ಮೂರು ಹೊತ್ತು ನೋಡುವುದು, ನೋಡಿದ್ದನ್ನು ರಜಿಸ್ಟರಿನಲ್ಲಿ ಬರೆಯುವುದು, ನೀರು ಏರದೆ ಇಳಿಯದೆ ಇದ್ದರೆ 'ನಿಲ್' ಎಂದು ಬರೆಯುವುದು: ಇಷ್ಟೇ ಕೆಲಸ. ಇಷ್ಟನ್ನೇ ಅವರು ದೇವರ ಪೂಜೆಯಂತೆ ಮಾಡಿದರು. ಮುದ್ದೇಬಿಹಾಳದ ಕಡೆಯ ಹೆಣ್ಣಿನವರು ಇವರನ್ನು ನೋಡಲು ಬಂದ ದಿನವೇ ಹೊಳೆ ಏರಬೇಕೆ? ಇವರು ಕಂಬ ಬಿಟ್ಟು ಅಲುಗಲಿಲ್ಲ. ನೀರು ಇಳಿಯುವಷ್ಟರಲ್ಲಿ ಹೆಣ್ಣಿನವರು ಸಿಂದಗಿಯಲ್ಲಿ ಬೇರೆ ವರನನ್ನು ಗೊತ್ತುಮಾಡಿ ಮುಗಿಸಿದ್ದರು. ಆ ಕಾಲಮ್ಮಿನಲ್ಲಿ ಕಾಕಾನ ರಜಿಸ್ಟರು ಕೊನೆಯವರೆಗೂ ನಿಲ್.

ನಿವೃತ್ತಿಯ ನಂತರ ಇಂಡಿಗೆ ಹತ್ತಿರದ ಹೊರ್ತಿಯಲ್ಲೊಂದು ಬಾಡಿಗೆ ಖೋಲಿ ಹಿಡಿದರು. ಬರೆಯದೆ ಉಳಿದ ಒಂದು ರಜಿಸ್ಟರನ್ನು ಸಾಹೇಬರ ಅಪ್ಪಣೆ ಪಡೆದೇ ತಂದಿಟ್ಟುಕೊಂಡರು. ರಜಿಸ್ಟರಿತ್ತು, ಪೆನ್ನಿತ್ತು, ಕಣ್ಣಿತ್ತು. ನೋಡುವುದಕ್ಕೆ ಹೊಳೆ ಮಾತ್ರ ಇರಲಿಲ್ಲ.

ಆಗಿನ್ನೂ ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಇಂಡಿಯಲ್ಲಿ ಎಸ್.ಟಿ.ಡಿ. ಬೂತೊಂದು ರಾತ್ರೋರಾತ್ರಿ ಸೈಬರ್ ಕೆಫೆಯಾಗಿ ಅವತಾರವೆತ್ತಿತು. ಅಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಾನು, ಸಂತೆಗೆ ಬಂದ ಕಾಕಾನನ್ನು ಒಂದು ಸೋಮವಾರ ಒಳಗೆ ಕರೆದೊಯ್ದೆ. ಇಡೀ ಪ್ರಬಂಧದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ. ಇದನ್ನೂ ಚೇಷ್ಟೆಗೆಂದೇ ಮಾಡಿದ್ದೆ.

ಅಂಗಡಿಯ ಮಾಲಕರಿಗೆ ಜಗತ್ತಿನ ವಿಚಿತ್ರಗಳನ್ನೆಲ್ಲ ತೆರೆದು ತೋರಿಸುವ ಹುಮ್ಮಸ್ಸು. ಮೊದಲು ಒಂದು ಕೆಂಪು ಗುಂಡಿಯ ಪುಟ ತೆರೆದರು. ಮೇಲೆ 'ಒತ್ತಬೇಡಿ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದನ್ನು ತಾವೇ ಓದಿ ಹೇಳಿದರು. ಎಲ್ಲರೂ ಒತ್ತಿ ನಗಲೆಂದೇ ಮಾಡಿದ ಪುಟ ಅದು.

"ಒತ್ರಿ ಕಾಕಾರ."

"ಒತ್ತಬ್ಯಾಡ ಅಂತ ಬರದೈತಿ ಅಂದಿ?"

"ಬರದಿರ್ತಾರ್ರಿ. ಒತ್ತಬೇಕು."

"ಹಂಗ ಹೆಂಗ ಒತ್ತಲಿ? ನಾ ಸರಕಾರಿ ನೌಕರಿ ಮಾಡಿದಾಂವ!"

ಅರ್ಧ ತಾಸು ಆ ಗುಂಡಿಯನ್ನು ಯಾರೂ ಒತ್ತದಂತೆ ಕಾವಲು ಕುಳಿತರು!

ಮತ್ತೊಂದು ವಾರ, ಮನುಷ್ಯ ಯಾವಾಗ ಸಾಯುತ್ತಾನೆಂದು ಲೆಕ್ಕ ಹಾಕಿ ಹೇಳುವ ಪುಟ. ಹುಟ್ಟಿದ ತಾರೀಖು, ಬೀಡಿ, ಚಹಾ, ನಿದ್ದೆ ಎಲ್ಲವನ್ನೂ ಕಾಕಾ ಪ್ರಾಮಾಣಿಕವಾಗಿ ಹೇಳಿದರು. ಕಂಪ್ಯೂಟರು ಒಂದು ಕ್ಷಣ ಯೋಚಿಸಿ, ತಾವು ತೀರಿಕೊಂಡು ಎರಡು ವರ್ಷವಾಯಿತೆಂದು ತಿಳಿಸಿತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕಾ ಗಂಭೀರವಾಗಿ ಕನ್ನಡಕ ಸರಿಪಡಿಸಿಕೊಂಡರು.

"ಎರಡು ವರ್ಷ ಆತಂತ? ಯಾರೂ ತಿಳಿಸಲೇ ಇಲ್ಲ ನೋಡು."

ಆಗ ಅದಕ್ಕೂ ನಕ್ಕೆವು.

ಬೆಂಚು ಸಿಕ್ಕಿದ್ದು ಅದರ ಮುಂದಿನ ವಾರ. ದೂರದ ಯಾವುದೋ ಚಳಿದೇಶದಲ್ಲಿ, ಹೊಲಿಗೆ ಅಂಗಡಿಯ ಹೆಣ್ಣುಮಗಳೊಬ್ಬಳು ತನ್ನ ಕಿಟಕಿಗೆ ಕ್ಯಾಮೆರಾ ಕಟ್ಟಿ ಎದುರಿನ ಬೆಂಚನ್ನು ಜಗತ್ತಿಗೆಲ್ಲ ತೋರಿಸುತ್ತಿದ್ದಳು. ಯಾಕೆ? ಆಕೆಗೇ ಗೊತ್ತಿರಲಿಕ್ಕಿಲ್ಲ. ನಿಮಿಷಕ್ಕೊಂದು ಚಿತ್ರ. ನಮಗೆ ಎರಡನೇ ಚಿತ್ರಕ್ಕೇ ಆಕಳಿಕೆ ಬಂತು. ಕಾಕಾನ ಬೆನ್ನು ಮಾತ್ರ ನೆಟ್ಟಗಾಯಿತು. ನೋಡುವುದು, ಬರೆಯುವುದು! ಮುಂದಿನ ಸೋಮವಾರ ಬಗಲಲ್ಲಿ ರಜಿಸ್ಟರು ಇಟ್ಟುಕೊಂಡೇ ಬಂದರು.

ಅಂದು ಮುಂಜಾನೆಯೇ ಬಂದಿದ್ದರಿಂದ ಪರದೆ ಕಪ್ಪಗಿತ್ತು.

"ಪಾಪ, ಆ ದೇಶದಾಗೂ ಕರೆಂಟ್ ತಗದಾರ," ಎಂದು ಮರುಗಿದರು.

"ಅಲ್ಲೀಗ ರಾತ್ರಿ ಐತ್ರಿ," ಅಂದೆ.

"ಇಷ್ಟು ಬಿಸಲಾಗ?"

ಅವರಿಗೆ ಭೂಮಿ ದುಂಡಗಿದೆಯೆಂದು ಒಪ್ಪಿಸುವಷ್ಟರಲ್ಲಿ ನಮ್ಮ ಕರೆಂಟೇ ಹೋಯಿತು. ಅಂದಿನಿಂದ ಸಂಜೆ ನಾಲ್ಕಕ್ಕೆ, ಅಲ್ಲಿ ಮುಂಜಾನೆ ಇರುವಾಗ, ಬರತೊಡಗಿದರು. ನಾನೂ ಶಾಲೆ ಬಿಟ್ಟಮೇಲೆ ಹೋಗುತ್ತಿದ್ದೆ. ರಜಿಸ್ಟರಿನಲ್ಲಿ ಹೀಗಿರುತ್ತಿತ್ತು: '೪-೧೦: ನಿಲ್. ೪-೨೦: ಪಾರಿವಾಳ, ಒಂದು. ೪-೩೦: ನೀಲಿ ಕೋಟಿನ ಮನುಷ್ಯ ಬಂದ. ಕೂತ.'

ನೀಲಿ ಕೋಟು ಅಂದರೆ ಆ ಬೆಂಚಿಗೆ ತಪ್ಪದೆ ಬರುತ್ತಿದ್ದ ಒಬ್ಬ ಮುದುಕ. ಯಾರೊಂದಿಗೂ ಮಾತಿಲ್ಲ. ಕೂಡುವುದು, ಸ್ವಲ್ಪ ಹೊತ್ತಾದ ಮೇಲೆ ಏಳುವುದು. ಕಾಕಾ ಆತನನ್ನು ಹೊರ್ತಿಯ ಕಟ್ಟೆಯ ಮೇಲೆ ಪಕ್ಕಕ್ಕೆ ಕೂಡುವ ಗೆಳೆಯನೆಂದೇ ಬಗೆದಿದ್ದರು. ಹಾಗಾಗಿ, ನೀಲಿ ಕೋಟು ಎರಡು ಸೋಮವಾರ ಗೈರುಹಾಜರಾದಾಗ ಅವರಿಗೆ ಚಹಾ ಸೇರಲಿಲ್ಲ.

"ಆಕೀಗೆ ಕಾಗದ ಬರಿ. ಆ ಮನುಷ್ಯಾ ಯಾಕ ಬಂದಿಲ್ಲಂತ ಕೇಳು."

"ಕಾಕಾ, ಅಂವಾ ಯಾರೋ, ನೀವು ಯಾರೋ! ಅಂವಗ ನಿಮ್ಮ ಹೆಸರರೆ ಗೊತ್ತೈತೇನ್ರಿ?"

"ದಿನಾ ಕಟ್ಟಿಗೆ ಕೂಡಾಂವ ಬರಲಿಲ್ಲಂದ್ರ ಮನಿಗೆ ಹೋಗಿ ಕೇಳಬೇಕು. ಕೇಳದಿದ್ರ ಅದೆಂಥಾ ಕಟ್ಟಿಲೇ?"

ನನ್ನ ಇ-ಮೇಲಿನಿಂದ, ನನ್ನ ವ್ಯಾಕರಣಶುದ್ಧ ಇಂಗ್ಲಿಷಿನಲ್ಲಿ, ಲಜ್ಜೆಯಿಂದಲೇ ಬರೆದೆ. ಮುಂದಿನ ವಾರ ಉತ್ತರ ಬಂದೇ ಬಿಟ್ಟಿತು! ಮುದುಕರಿಗೆ ಮೊಣಕಾಲು ಹಿಡಿದಿದೆಯಂತೆ. 'ನೀವು ಕೇಳಿದ್ದಕ್ಕೆ ನಾನು ಅವರ ಮನೆಗೆ ಹೋಗಿ ನೋಡಿ ಬಂದೆ,' ಎಂದು ಆಕೆ ಬರೆದಿದ್ದಳು. 'ಇಷ್ಟು ವರ್ಷ ಕಿಟಕಿಯಿಂದ ನೋಡುತ್ತಿದ್ದರೂ ಅವರ ಹೆಸರು ಕೇಳಿರಲಿಲ್ಲ.'

ಮುಂದೆ ನೀಲಿ ಕೋಟು ಕೋಲೂರಿಕೊಂಡು ಬಂತು. ಕಾಕಾ ಪ್ರತಿ ಸೋಮವಾರ ಬೆಂಚಿನ ವರದಿಯನ್ನು ನನ್ನ ಕೈಯಿಂದ ಬರೆಸಿ ಆಕೆಗೆ ಕಳಿಸತೊಡಗಿದರು. ತನ್ನ ಕಿಟಕಿಯೆದುರಿನ ಬೆಂಚಿನ ಸುದ್ದಿಯನ್ನು ಆಕೆ ಹೊರ್ತಿಯಿಂದ ಕೇಳುವಂತಾಯಿತು! ಇಂಟರ್‌ನೆಟ್ ಕಂಡುಹಿಡಿದವರಿಗೂ ಇದು ಹೊಳೆದಿರಲಿಕ್ಕಿಲ್ಲ.

ಇಷ್ಟರಲ್ಲಿ ಒಂದು ಸೋಮವಾರ ಕಾಕಾ ಬರಲಿಲ್ಲ. ಮಳೆ ಇದ್ದೀತು ಅಂದೆ. ಎರಡನೇ ಸೋಮವಾರ, ಬಸ್ಸು ತಪ್ಪಿದ್ದೀತು ಅಂದೆ. ಮೂರನೆಯ ವಾರದಿಂದ ನಾನೇ ಅಂಗಡಿಗೆ ಹೋಗಲಿಲ್ಲ. ಖರೇ ಹೇಳಬೇಕೆಂದರೆ, ನೆನಪೇ ಆಗಲಿಲ್ಲ. ಐದನೆಯ ಸೋಮವಾರ ಬೇರೇನೋ ಕೆಲಸಕ್ಕೆ ಹೋಗಿ ಇ-ಮೇಲ್ ತೆರೆದರೆ, ಆಕೆಯ ಕಾಗದ ಕಾದು ಕುಳಿತಿತ್ತು:

'ನಿಮ್ಮ ಕಾಕಾ ನಾಲ್ಕು ವಾರದಿಂದ ಬರೆದಿಲ್ಲ. ನೀಲಿ ಕೋಟಿನವರೂ ಕೇಳುತ್ತಿದ್ದಾರೆ. ದಯವಿಟ್ಟು ಅವರ ಮನೆಗೆ ಹೋಗಿ ನೋಡಿ.'

ಸಿಕ್ಕ ಬಸ್ಸು ಹತ್ತಿ ಹೊರ್ತಿಗೆ ಹೋದೆ. ಕಾಕಾ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹೊರಸಿನ ಮೇಲೆ ಮಲಗಿದ್ದರು. ಸಂತೆಗೆಂದು ಹೊರಟವರು ಬಸ್ಸು ಹತ್ತುವಾಗ ಜಾರಿದ್ದರಂತೆ.

"ತಿಳಿಸಬಾರದೇನ್ರಿ ಕಾಕಾ?"

"ಯಾರಿಗೆ?" ಅಂದರು. ಕೊಂಕಿರಲಿಲ್ಲ. ಖರೇನೇ ಕೇಳಿದ್ದರು.

ನಾನು ಆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಎರಡು ಸಲ ಓದಿಸಿದರು.

"ನೀಲಿ ಕೋಟೂ ಕೇಳ್ಯಾನ?"

"ಕೇಳ್ಯಾನ್ರಿ."

ದಿಂಬಿನ ಬದಿಗೆ ರಜಿಸ್ಟರಿತ್ತು. ತೆರೆದೆ. ದಿನಕ್ಕೆ ಮೂರು ಹೊತ್ತು, ಅದೇ ದುಂಡಗಿನ ಅಕ್ಷರ: 'ಮುಂಜಾನೆ: ಬಾಜೂ ಮನೆಯವರ ರೊಟ್ಟಿ ಬಂತು. ಮಧ್ಯಾಹ್ನ: ನಿಲ್. ಸಂಜೆ: ನಿಲ್.' ಪುಟ ತಿರುಗಿಸಿದೆ. ರೊಟ್ಟಿ, ನಿಲ್, ನಿಲ್.

"ಇಲ್ಲೆ ಏನು ನೋಡಿ ಬರದೀರಿ? ಇಲ್ಲಿ ಬೆಂಚಿಲ್ಲ, ಹೊಳಿಯಿಲ್ಲ."

"ಬಾಗಲಾ," ಅಂದರು ಕಾಕಾ.

ನಾನು ಹೊರಸಿನ ಅಂಚಿಗೆ ಕೂತೆ. ಅವರು ರಜಿಸ್ಟರು ಇಸಿದುಕೊಂಡು, ಗಡಿಯಾರ ನೋಡಿ, ಬರೆದರು: '೫-೧೦: ಮನುಷ್ಯ ಬಂದ. ಕೂತ.'

ಪೆನ್ನಿಗೆ ಟೋಪಿ ಹಾಕಲಿಲ್ಲ. ಎದ್ದು ಹೋದ ವೇಳೆಯನ್ನೂ ಬರೆಯಬೇಕಲ್ಲ!

ಆರು ಗಂಟೆಯ ಬಸ್ಸು ಹಾರ್ನ್ ಹೊಡೆಯುತ್ತ ಇಂಡಿಯ ಕಡೆ ಹೋಯಿತು. ನಾನು ಏಳಲಿಲ್ಲ.