ಮಾವಯ್ಯನ ಬೆನ್ನು, ಅಳಿಯನ ಸಸ್ಪೆನ್ಷನ್

ಡಾಕ್ಟರು ಆಂಬುಲೆನ್ಸಿಗೆ ಚೀಟಿ ಬರೆಯಲು ಪೆನ್ನು ತೆಗೆದಾಗ ರಾಜೇಂದ್ರ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಮಂಚದ ಮೇಲೆ ಮಾವ ಕೃಷ್ಣಯ್ಯನವರು ಮಲಗಿದ್ದರು, ತಲೆದೆಸೆಯಲ್ಲಿ ಹೆಂಡತಿ ಸುಗುಣ ನಿಂತಿದ್ದಳು. ಬಸ್ರೂರಿನಲ್ಲಿ ಪೇಂಟಿನ ಅಂಗಡಿ ಇಟ್ಟುಕೊಂಡಿದ್ದ ರಾಜೇಂದ್ರನಿಗೆ, ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ, ಮಾವನ ಎದುರು ಹೇಳಿಕೊಳ್ಳಲು ಮೊದಲ ಸಲ ಏನೋ ಒಂದು ಸಿಕ್ಕಿತ್ತು.

"ಆಂಬುಲೆನ್ಸ್ ಎಂತಕೆ ಡಾಕ್ಟ್ರೆ? ನನ್ನ ಕಾರಿಗೆ ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಇತ್ತ್. ಹೊಂಡ ಬಂದ್ರೆ ಕಂಪ್ಯೂಟರೇ ಕಂಡ್ಕಂಡ್ ಮೆತ್ತಗೆ ಮಾಡ್ತ್. ಒಳಗೆ ಕೂತವ್ರಿಗೆ ಗೊತ್ತೇ ಆತಿಲ್ಲ."

ಡಾಕ್ಟರು ಪೆನ್ನನ್ನು ಜೇಬಿಗೆ ಸೇರಿಸಿದರು. "ಹಾಗಾದರೆ ನಾಳೆ ಮಧ್ಯಾಹ್ನ ಅದರಲ್ಲೇ ಮನೆಗೆ ಕರೆದುಕೊಂಡು ಹೋಗಿ. ಆದರೆ ನೆನಪಿರಲಿ, ಬೆನ್ನುಮೂಳೆಗೆ ಸ್ಕ್ರೂ ಹಾಕಿದ್ದೇವೆ. ಒಂದು ಜೋರು ಕುಲುಕು ಬಿದ್ದರೆ ಮತ್ತೆ ಇದೇ ಮಂಚ."

ಕಿರಿಮಂಜೇಶ್ವರದ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದ ಕೃಷ್ಣಯ್ಯನವರು, ತಪ್ಪಿ ಸರಿ ಉತ್ತರ ಬರೆದ ದಡ್ಡ ಹುಡುಗನನ್ನು ನೋಡುವಂತೆ ಅಳಿಯನನ್ನು ನೋಡಿದರು. "ಹೌದಾ ರಾಜೇಂದ್ರ? ನಂಗೆ ಗೊತ್ತೇ ಇರ್ಲಿಲ್ಲೆ."

ಆ ಒಂದು ನೋಟಕ್ಕೆ ರಾಜೇಂದ್ರ ಮಣಿಪಾಲದ ಆಸ್ಪತ್ರೆಯಿಂದ ಬಸ್ರೂರಿನವರೆಗೆ ಹಾಡಿಕೊಂಡೇ ಬಂದ.

ಕಾರು ಬಂದು ಮೂರು ವಾರವಷ್ಟೇ ಆಗಿತ್ತು. ಜರ್ಮನಿಯ ದೊಡ್ಡ ಕಂಪೆನಿಯ, ಏಳು ವರ್ಷ ಓಡಿದ ಕಾರು. ಮುಂಬಯಿಯಲ್ಲಿ ಹೋಟೆಲು ನಡೆಸಿ ಬೈಂದೂರಿಗೆ ವಾಪಸಾದವರೊಬ್ಬರು ಮಾರಿದ್ದು. "ಹ್ವಾಯ್, ಇದ್ರಲ್ ಎಲ್ಲ ಇತ್ತ್" ಎಂದಿದ್ದರು. ಗೇರಿನ ಪಕ್ಕದಲ್ಲಿ ಕಾರಿನ ಚಿತ್ರವಿದ್ದ ಒಂದು ಬಟನ್ ಇತ್ತು. ಒತ್ತಿದರೆ ಹಳದಿ ದೀಪ ಹತ್ತುತ್ತಿತ್ತು. ದೀಪ ಹತ್ತಿದಾಗೆಲ್ಲ ರಸ್ತೆ ಮೆತ್ತಗಾದಂತೆ ರಾಜೇಂದ್ರನಿಗೆ ಅನ್ನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಅವನು ಹಿಂದಿನ ಸೀಟಿಗೆ ದಿಂಬು ಜೋಡಿಸುತ್ತಿದ್ದಾಗ ಪಕ್ಕದ ಮನೆಯ ಪದ್ದಕ್ಕ ಬಾಳೆಹಣ್ಣಿನ ಚೀಲ ಹಿಡಿದು ಗೇಟು ದೂಡಿದಳು. ಯಾರ ಮನೆಯ ರೋಗಿಯಾದರೂ ಪದ್ದಕ್ಕ ನೋಡಿದ ಮೇಲೇ ಗುಣವಾಗುವುದು ಎಂದು ಅವಳ ನಂಬಿಕೆ.

"ನಾನೂ ಬತ್ತೆ. ಹೆಡ್‌ಮಾಸ್ಟ್ರನ್ನ ಕಾಣ್ದೆ ಸುಮಾರ್ ದಿನ ಆಯ್ತ್. ಅದೆಂತದೋ ಕಂಪ್ಯೂಟರ್ ಸ್ಪ್ರಿಂಗ್ ಇತ್ತ್ ಗಡ, ಹೌದಾ?"

ರಾಜೇಂದ್ರ ಹೆಮ್ಮೆಯಿಂದ ಬಟನ್ ಒತ್ತಿ ತೋರಿಸಿದ. ಪದ್ದಕ್ಕ ಬಗ್ಗಿ ನೋಡಿದಳು.

"ಬಟನ್ ಇದ್ರೆ ಆಯ್ತಾ? ನಮ್ಮನೆ ಮಿಕ್ಸಿಗೂ ಮೂರ್ ಬಟನ್ ಇತ್ತ್. ತಿರ್ಗುದ್ ಒಂದೇ."

ಅಷ್ಟೇ. ಪದ್ದಕ್ಕ ಆರಾಮವಾಗಿ ಸೀಟಿನಲ್ಲಿ ಕೂತಳು. ರಾಜೇಂದ್ರ ಬಟನ್ನನ್ನು ಇನ್ನೂ ನಾಲ್ಕು ಸಲ ಒತ್ತಿ ನೋಡಿದ. ಚತುಷ್ಪಥದ ಕೆಲಸಕ್ಕೆ ಹೆದ್ದಾರಿ ಪೂರಾ ಅಗೆದು ಹಾಕಿದ್ದ ವರ್ಷ ಅದು. ಮಣಿಪಾಲದಿಂದ ಮಾವನ ಮನೆಯಿದ್ದ ಕಿರಿಮಂಜೇಶ್ವರದವರೆಗೆ ಹೊಂಡಗಳ ನಡುವೆ ಅಲ್ಲಲ್ಲಿ ರಸ್ತೆ ಇತ್ತು. ಕಾರು ಮಾರಿದವರಿಗೆ ಫೋನ್ ಮಾಡಿದ. ಅವರು ದುಬೈಯಲ್ಲಿರುವ ಮಗನ ಮನೆಗೆ ಹೋಗಿದ್ದಾರಂತೆ, ಫೋನು ಬಂದ್.

ಅವನು ಕಾರನ್ನು ನೇರ ಕುಂದಾಪುರದ ಶೀನನ ಗ್ಯಾರೇಜಿಗೆ ನುಗ್ಗಿಸಿದ.

ಶೀನ ಕಾರನ್ನು ಮೇಲೆತ್ತಿ, ಕೆಳಗೆ ನಿಂತು, ಟಾರ್ಚು ಹಾಕಿ ಬಹಳ ಹೊತ್ತು ನೋಡಿದ. ಅಡಿಭಾಗಕ್ಕೆ ತುಕ್ಕು ಹಿಡಿಯದಿರಲೆಂದು ಯಾರೋ ದಪ್ಪ ಕರಿ ಬಣ್ಣ ಬಳಿದಿದ್ದರು. ಎಲ್ಲವೂ ದೋಸೆಯ ಕಾವಲಿಯಂತೆ ಒಂದೇ ಕಪ್ಪು.

"ಕಾಣಿ, ಇಲ್ಲೊಂದ್ ವೈರ್ ಹೋಯಿತ್. ಇದ್ ಸಸ್ಪೆನ್ಷನ್ನಿಂದ್ ಇಪ್ಪುಕೂ ಸಾಕ್, ಬ್ರೇಕಿಂದ್ ಇಪ್ಪುಕೂ ಸಾಕ್."

"ಯಾವ್ದ್ ಅಂದೇಳಿ ಹ್ಯಾಂಗೆ ಗೊತ್ತಾಪುದ್?"

"ಬಿಚ್ಚಿ ಕಾಣ್ಕ್. ಎರಡ್ ದಿನ ಆತ್ತ್."

"ಮಧ್ಯಾಹ್ನ ಮಾವಯ್ಯನ ಡಿಸ್ಚಾರ್ಜ್ ಮಾರಾಯ!"

"ಹಾಂಗಾರೆ ಮಾವಯ್ಯನ್ನ ಎರಡ್ ದಿನ ಅಲ್ಲೇ ಮಲ್ಗ್ಸಿ," ಎಂದ ಶೀನ, ಅದು ಅತಿ ಸುಲಭದ ಉಪಾಯವೆಂಬಂತೆ. ಮತ್ತೆ ಕನಿಕರವಾಯಿತೋ ಏನೋ, "ಒಂದ್ ಮಾತ್ರ ಹೇಳ್ತೆ. ಈ ಬೋಲ್ಟಿಗೆ ಯಾರೂ ಕೈ ಹಾಕ್ಲಿಲ್ಲೆ. ಕಂಪೆನಿಯಂಗೆ ಎಂತ ಹಾಕಿದ್ರೋ ಅದೇ ಈಗ್ಳೂ ಇತ್ತ್. ಕಾರ್ ಹುಟ್ಟುವತಿಗೆ ಅದಕ್ಕೆ ಎಂತೆಂತ ಕೊಟ್ಟಿರ್ ಅಂದೇಳಿ ಗೊತ್ತಾರೆ ಆಯ್ತ್," ಎಂದ.

ಅಷ್ಟರಲ್ಲಿ ಸುತ್ತ ಏಳೆಂಟು ಜನ ಸೇರಿದ್ದರು. ಒಬ್ಬ ಬಾನೆಟ್ ಒತ್ತಿ ನೋಡಿ "ಇತ್ತ್" ಎಂದ. ಇನ್ನೊಬ್ಬ ಅದೇ ಬಾನೆಟ್ ಒತ್ತಿ "ಇಲ್ಲೆ" ಎಂದ. ಮೂರನೆಯವನು ಡಿಕ್ಕಿಯ ಮೇಲೆ ಕೂತು ಎರಡು ಸಲ ಕುಣಿದು, ಯೋಚನೆ ಮಾಡಿ ಹೇಳುತ್ತೇನೆಂದ. ಸುಗುಣಳ ಫೋನು ಬಂತು.

"ಹ್ವಾಯ್, ಎಲ್ಲಿದ್ರಿ ನೀವ್? ಅಪ್ಪಯ್ಯ ಅಂಗಿ ಹಾಕಂಡ್ ತಯಾರಾಯಿರ್."

"ಕೋಟ ಕಳ್ದೆ," ಎಂದ ರಾಜೇಂದ್ರ, ಕುಂದಾಪುರದಲ್ಲಿ ನಿಂತುಕೊಂಡು.

ಹೊರಡುವಾಗ ಶೀನ ಒಂದು ಪರೀಕ್ಷೆ ಹೇಳಿಕೊಟ್ಟ. ಒಂದು ಚೊಂಬು ತುಂಬ ನೀರು ಹಿಡಿದುಕೊಂಡು ಹೊಂಡ ಹಾರಿಸುವುದು. ಬಟನ್ ಒತ್ತಿ ಒಮ್ಮೆ, ಒತ್ತದೆ ಒಮ್ಮೆ. ನಿಜವಾಗಿ ಕೋಟಕ್ಕೆ ಬಂದಾಗ ಪದ್ದಕ್ಕ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಸಿದ್ಧಳಾದಳು. ಬಟನ್ ಒತ್ತಿದ. ಕಾರು ಹೊಂಡ ಹಾರಿತು. ನೀರು ಸೀರೆಗೆ ಬಿತ್ತು. ಹಿಂದೆ ಬಂದು, ಬಟನ್ನಿನ ದೀಪ ಆರಿಸಿ, ಅದೇ ಹೊಂಡ ಹಾರಿಸಿದ. ಉಳಿದಿದ್ದ ಚೂರು ನೀರೂ ಸೀರೆಗೆ ಬಿತ್ತು.

"ಎಷ್ಟ್ ವ್ಯತ್ಯಾಸ ಪದ್ದಕ್ಕ?"

"ಮೊದ್ಲ್ ಜಾಸ್ತಿ ಚೆಲ್ತ್. ಆದ್ರೆ ಎರಡ್ನೇ ಸಲ ಚೆಲ್ಲುಕೆ ಚೊಂಬಂಗೆ ನೀರೇ ಇರ್ಲಿಲ್ಲೆ."

ಬ್ರಹ್ಮಾವರದಲ್ಲಿ ದೇವು ಎಂಬವನ ಅಂಗಡಿಯಿತ್ತು. ಅವನ ಲ್ಯಾಪ್‌ಟಾಪಿಗೆ ಕಾರಿನ ಹೊಟ್ಟೆಯಲ್ಲಿರುವುದೆಲ್ಲ ಕಾಣುತ್ತದೆಂದು ಪ್ರತೀತಿ. ಅವನು ಸ್ಟೇರಿಂಗಿನ ಕೆಳಗೆ ವೈರು ಚುಚ್ಚಿದ. ತೆರೆಯ ಮೇಲೆ ಮೂವತ್ತೇಳು ದೋಷಗಳು ಸಾಲಾಗಿ ಬಂದು ನಿಂತವು: ಎಡಗನ್ನಡಿ, ಬಲಬಾಗಿಲು, ಹಾರ್ನು, ರೇಡಿಯೊ, ರಾಜೇಂದ್ರ ಇದುವರೆಗೆ ಹೆಸರೇ ಕೇಳದ ಏನೇನೋ.

"ಸಸ್ಪೆನ್ಷನ್?" ಎಂದು ಕೇಳಿದ ರಾಜೇಂದ್ರ.

"ಅದ್ರದ್ದ್ ಎಂತ ತೊಂದ್ರೆಯೂ ತೋರ್ಸುದಿಲ್ಲ."

"ಅಬ್ಬ! ಹಾಂಗಾರೆ ಸರಿ ಇತ್ತ್!"

"ಹಾಂಗಲ್ಲ," ಎಂದ ದೇವು. "ಒಂದೋ ಅದ್ ಸರಿ ಇತ್ತ್. ಇಲ್ದಿರೆ ಅದೇ ಇಲ್ಲೆ. ಇಲ್ದೇ ಇದ್ದದ್ದ್ ಹ್ಯಾಂಗೆ ಹಾಳಾತ್ತ್?"

ರಾಜೇಂದ್ರ ಅಲ್ಲೇ ಇದ್ದ ಹಳೆಯ ಟಯರಿನ ಮೇಲೆ ಕೂತ. ಕಣ್ಣ ಮುಂದೆ ಕೃಷ್ಣಯ್ಯನವರ ಬೆನ್ನಿನ ಸ್ಕ್ರೂಗಳು ಒಂದೊಂದಾಗಿ ರಸ್ತೆಗೆ ಉದುರುತ್ತಿದ್ದವು. ಮತ್ತೆ ಸುಗುಣಳ ಫೋನು.

"ಕೋಟದಿಂದ ಬಪ್ಪುಕೆ ಇಷ್ಟ್ ಹೊತ್ತಾ? ಆ ಮಂಚಕ್ಕೆ ಬೇರೆ ಪೇಷಂಟ್ ಬಂದ್ ನಿಂತಿರ್. ಅಪ್ಪಯ್ಯ ವಾರ್ಡಿಗೆಲ್ಲ ನಿಮ್ಮ ಕಾರಿನ ವಿಷ್ಯ ಹೇಳಿ ಆಯ್ತ್. ಎಲ್ಲ ಕಿಟಕಿಯಲ್ ಕಾಣುಕೆ ಕಾಯ್ತಿದ್ರ್."

ರಾಜೇಂದ್ರ ಎದ್ದ. "ಸಾಕ್ ಪದ್ದಕ್ಕ. ನಾನ್ ಆಂಬುಲೆನ್ಸಿಗೇ ಫೋನ್ ಮಾಡ್ತೆ. ಸುಳ್ಳ್ ಹೇಳಿದ್ದೆ ಅಂದ್ ಒಪ್ಕಂತೆ."

"ಹುಚ್ಚಾ ನಿಂಗೆ? ಹದಿನಾಲ್ಕ್ ವರ್ಷಕ್ಕೆ ಒಂದ್ಸಲ ಮಾವ ನಿನ್ನ ಹೊಗ್ಳಿರ್. ತಡಿ. ನಮ್ಮಕ್ಕನ ಮಗ ಚರಣ್ ಮುಂಬಯಿಯಲ್ ಇದೇ ಕಾರಿನ ಸ್ಪೇರ್ ಪಾರ್ಟ್ಸ್ ಅಂಗ್ಡಿಯಂಗೆ ಇದ್ದ. ಅವ್ನಿಗೆ ಕಾರಿನ ನಂಬರ್ ಕೊಟ್ರೆ ಜಾತಕ ತೆಗ್ದ್ ಹೇಳ್ತ."

ಇದನ್ನು ಬೆಳಿಗ್ಗೆಯೇ ಯಾಕೆ ಹೇಳಲಿಲ್ಲವೆಂದು ಕೇಳುವಷ್ಟೂ ತ್ರಾಣ ರಾಜೇಂದ್ರನಲ್ಲಿ ಉಳಿದಿರಲಿಲ್ಲ. ಅವನ ಫೋನಿನಲ್ಲೇ ಪದ್ದಕ್ಕ ಮುಂಬಯಿಗೆ ಕರೆ ಹಚ್ಚಿದಳು. ಅವನು ಗಾಜಿಗೆ ಮೂಗು ಒತ್ತಿ ಹದಿನೇಳು ಅಕ್ಷರದ ಚಾಸಿಸ್ ನಂಬರು ಓದಿದ. ಅವಳು ಫೋನಿಗೆ ಕೂಗಿದಳು. "ಎಂ! ಮರವಂತೆಯ ಎಂ! ಎನ್, ನಾವುಂದದ ಎನ್! ಜಿ, ಗಂಗೊಳ್ಳಿ! ಎಂತ? ಗಂಗೊಳ್ಳಿ ಗೊತ್ತಿಲ್ಯಾ? ನಿನ್ನಪ್ಪನ ಊರ್ ಮಾರಾಯ!"

ಇಪ್ಪತ್ತು ನಿಮಿಷ ರಾಜೇಂದ್ರ ಬ್ರಹ್ಮಾವರದ ಆ ಅಂಗಡಿಯ ಮುಂದೆ ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ಅತ್ತಿಂದಿತ್ತ ತಿರುಗಾಡಿದ. ಫೋನು ಬಂತು.

"ಇತ್ತ್!" ಎಂದ ಚರಣ್. "ಎಲೆಕ್ಟ್ರಾನಿಕ್ ಸಸ್ಪೆನ್ಷನ್, ನಾಲ್ಕೂ ಚಕ್ರಕ್ಕೆ. ಕಂಪೆನಿಯಿಂದ್ಲೇ ಬಂದದ್ದ್."

ರಾಜೇಂದ್ರ ಕಾರಿನ ಬಾನೆಟ್ಟನ್ನು ತಬ್ಬಿಕೊಂಡ. ಪದ್ದಕ್ಕ ರೋಗಿಯ ಚೀಲದಿಂದ ದೇವುವಿಗೆ ಎರಡು ಬಾಳೆಹಣ್ಣು ಕೊಟ್ಟು, ತಾನೂ ಒಂದು ತಿಂದಳು.

ಆಸ್ಪತ್ರೆಯ ಕಿಟಕಿಗಳಿಂದ ಇಡೀ ವಾರ್ಡು ನೋಡುತ್ತಿರಲು ಕೃಷ್ಣಯ್ಯನವರನ್ನು ಹಿಂದಿನ ಸೀಟಿನ ದಿಂಬುಗಳ ಮೇಲೆ ಒರಗಿಸಿ, ಕೆಳಗೆ ಜಾರದಂತೆ ಸುಗುಣ ಪಕ್ಕದಲ್ಲಿ ಒತ್ತಿ ಕೂತದ್ದಾಯಿತು. ಪದ್ದಕ್ಕ ಮುಂದೆ ಕೂತಳು. ರಾಜೇಂದ್ರ ಬಟನ್ ಒತ್ತಿದ. ದೀಪ ಹತ್ತಿತು. ಕಂಪ್ಯೂಟರಿನ ಮೇಲೆ ಈಗ ಅವನಿಗೆ ಪೂರ್ಣ ವಿಶ್ವಾಸವಿತ್ತು. ಕಾಲಿಗೆ ಮಾತ್ರ ಇರಲಿಲ್ಲ. ಅದು ಆಕ್ಸಿಲರೇಟರನ್ನು ಮುಟ್ಟುವುದಕ್ಕೇ ಹೆದರಿತು. ಸ್ಪೀಡು ಹದಿನೈದು ದಾಟಲಿಲ್ಲ. ಪ್ರತಿ ಹೊಂಡದ ಎದುರು ನಿಲ್ಲಿಸಿ, ಅದರ ಆಳ ಅಗಲ ನೋಡಿ, ನೀರು ತುಂಬಿದ ಕೊಡ ಹೊತ್ತವಳಂತೆ ಬಳಸಿಕೊಂಡು ಹೋದ. ಹಿಂದೆ ಬಸ್ಸುಗಳು ಬೊಬ್ಬೆ ಹಾಕಿದವು. ಮೀನಿನ ಬುಟ್ಟಿ ಕಟ್ಟಿದ ಸೈಕಲ್ಲಿನವನೊಬ್ಬ ಅವರನ್ನು ದಾಟಿ ಹೋಗಿ, ಏನಾದರೂ ಹಾಳಾಗಿದೆಯೇ ಎಂದು ತಿರುಗಿ ನೋಡಿದ.

ಕುಂದಾಪುರ ಮುಟ್ಟುವಾಗ ಐದು ಗಂಟೆ. "ನಾನ್ ಇಲ್ಲೇ ಇಳಿತೆ, ಬಸ್ಸಂಗೆ ಹೋತೆ" ಎಂದು ಪದ್ದಕ್ಕ ಇಳಿದು ಓಡಿದಳು.

ಕೃಷ್ಣಯ್ಯನವರಿಗೆ ಎಚ್ಚರವಾದದ್ದು ಮರವಂತೆಯಲ್ಲಿ. ಎಡಕ್ಕೆ ಸಮುದ್ರ ಕಂಡು ಬೆರಗಾದರು. "ಮರವಂತೆ ಬಂತಾ? ನಾನ್ ಇನ್ನೂ ಆಸ್ಪತ್ರೆ ಗೇಟ್ ದಾಟ್ಲಿಲ್ಲೆ ಅಂದ್ಕಂಡಿದ್ದೆ!"

ಮುಸ್ಸಂಜೆಗೆ ಕಿರಿಮಂಜೇಶ್ವರದ ಮನೆಯಂಗಳದಲ್ಲಿ ಅವರು ಒಂದು ಮುಲುಕೂ ಇಲ್ಲದೆ ಇಳಿದರು. ನೆರೆಹೊರೆಯವರೆಲ್ಲ ಬಂದಿದ್ದರು. ಅಳಿಯನ ಹೆಗಲ ಮೇಲೆ ಕೈಯಿಟ್ಟು ಮಾವ ಎಲ್ಲರಿಗೂ ಕೇಳುವಂತೆ ಹೇಳಿದರು: "ನಮ್ಮ ರಾಜೇಂದ್ರನ ಕಾರ್ ಅಂದ್ರೆ ಕಾರಲ್ಲ, ತೊಟ್ಲ್!"

ಸುಗುಣಳ ಕಣ್ಣು ತುಂಬಿತು. ರಾಜೇಂದ್ರನದೂ.

"ರಾಜೇಂದ್ರ, ಗುರ್ವಾರದಿಂದ ವಾರಕ್ಕೆ ಎರಡ್ ಸಲ ವ್ಯಾಯಾಮಕ್ಕೆ ಮಣಿಪಾಲಕ್ಕೆ ಬಪ್ಪುಕೆ ಡಾಕ್ಟ್ರ್ ಹೇಳಿರ್. ಆರ್ ತಿಂಗ್ಳ್. ಈ ಕಾರ್ ಇಲ್ಲೇ ಇರ್ಲಿ. ಬಾಡಿಗೆ ವ್ಯಾನ್ ಬಿಡುವ ಕುಷ್ಟ ಇದ್ದ, ಅವ ಓಡ್ಸ್ತ," ಎಂದರು ಮಾವ.

ಅಷ್ಟರಲ್ಲಿ ರಾಜೇಂದ್ರನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಚರಣ್. ರಾಜೇಂದ್ರ ಪಕ್ಕಕ್ಕೆ ಸರಿದ.

"ಅಣ್ಣಾ, ಬೇಜಾರ್ ಮಾಡ್ಕಣ್ಬೇಡಿ. ನಾನ್ ಆಗ ಬೇರೆ ಗಿರಾಕಿಯ ಕಾರಿನ ಚೀಟಿ ಕಂಡ್ ಹೇಳಿದ್ದೆ. ಈಗ ಸರಿಯಾಯಿ ಕಂಡೆ. ನಿಮ್ಮ ಕಾರಿಗೆ ಆ ಸಸ್ಪೆನ್ಷನ್ ಹುಟ್ಟಿನಿಂದ್ಲೇ ಇಲ್ಲೆ. ಸಾದಾ ಸ್ಪ್ರಿಂಗ್."

"ಬಟನ್?" ಎಂದು ಪಿಸುಗುಟ್ಟಿದ ರಾಜೇಂದ್ರ.

"ಅದ್ ಸ್ಟೇರಿಂಗ್ ಗಟ್ಟಿ, ಮೆತ್ತಗೆ ಮಾಡುಕೆ. ಅಷ್ಟೇ."

ಅಂಗಳದಲ್ಲಿ ಕುಷ್ಟ ಆಗಲೇ, ಕಾರಿನಲ್ಲೇ ಇದ್ದ ಕೀಲಿ ಹಿಡಿದು, ಅದರ ಸುತ್ತ ತಿರುಗಿ ಟಯರಿಗೆ ಒದ್ದು ನೋಡುತ್ತಿದ್ದ. ಬೈಂದೂರಿನಿಂದ ಕುಂದಾಪುರಕ್ಕೆ ಅರ್ಧ ಗಂಟೆಯಲ್ಲಿ ಮುಟ್ಟಿಸುವವನೆಂದು ಅವನಿಗೆ ಹೆಸರಿತ್ತು. "ಕಂಪ್ಯೂಟರ್ ಇದ್ರೆ ಹೊಂಡ ಎಂತ ಲೆಕ್ಕ!" ಎನ್ನುತ್ತಿದ್ದ.

ನಿಜ ಹೇಳಿದರೆ, ಸ್ಕ್ರೂ ಹಾಕಿದ ಬೆನ್ನನ್ನು ಸುಳ್ಳು ಹೇಳಿ ಸಾದಾ ಸ್ಪ್ರಿಂಗಿನ ಮೇಲೆ ಕೂರಿಸಿ ತಂದ ಅಳಿಯನಾಗುತ್ತಾನೆ. ಹೇಳದಿದ್ದರೆ ಕುಷ್ಟ ಮೊದಲ ಗುರುವಾರವೇ ಮಾವನನ್ನು ಮತ್ತೆ ಆ ಮಂಚಕ್ಕೆ ಮುಟ್ಟಿಸುತ್ತಾನೆ. ರಾಜೇಂದ್ರ ಓಡಿಹೋಗಿ ಕುಷ್ಟನ ಕೈಯಿಂದ ಕೀಲಿ ಕಿತ್ತುಕೊಂಡ.

"ಡ್ರೈವರ್ ಬ್ಯಾಡ ಮಾವಯ್ಯ. ಆರ್ ತಿಂಗ್ಳೂ ನಾನೇ ಬತ್ತೆ. ಅಂಗ್ಡಿ ಬಾಗ್ಲ್ ಹಾಕ್ತೆ."

ಕೃಷ್ಣಯ್ಯನವರು ಅಳಿಯನನ್ನು ಹತ್ತಿರ ಕರೆದರು. ಹದಿನಾಲ್ಕು ವರ್ಷ ಈ ಮನುಷ್ಯನನ್ನು ತಾನು ಅರ್ಥವೇ ಮಾಡಿಕೊಂಡಿರಲಿಲ್ಲವಲ್ಲ ಎಂದು ಎಲ್ಲರೆದುರು ಹೇಳಿದರು. ಮತ್ತೆ ಅವನ ಕೈ ಹಿಡಿದು, ಮೆಲ್ಲಗೆ, ಸಲಿಗೆಯಿಂದ ಸೇರಿಸಿದರು:

"ಒಂದೇ ಒಂದ್ ಮಾತ್ ರಾಜೇಂದ್ರ. ಗುರ್ವಾರ ಸ್ವಲ್ಪ ಜೋರ್ ಬಿಡಿ. ಅಷ್ಟ್ ಒಳ್ಳೆ ಕಂಪ್ಯೂಟರ್ ಇಪ್ಪತಿಗೆ ನೀವ್ ಎಂತಕೆ ಹೆದ್ರುದ್?"