ಕರೆಂಟ್ ಕಾರೂ ನನ್ನ ಸೊಂಟವೂ

ಒಂದು ಸೀರೆ ತರಲು ಹೊರಟರೂ ನಾಲ್ಕು ಜನ ಅಡ್ಡಬಾಯಿ ಹಾಕುವ ಸಂಸಾರ ನಮ್ಮದು. ಹಾಗಿರುವಾಗ ನಾನು ಕಾರು ಕೊಳ್ಳುತ್ತೇನೆ ಅಂದರೆ ಇಂಥವೆಲ್ಲ ಆಗದೆ ಇರುತ್ತವೆಯೇ?

ಕೆ.ಆರ್. ನಗರದಲ್ಲಿ ನಮ್ಮಪ್ಪ ಬಿಟ್ಟುಹೋದ ಅಕ್ಕಿ ಗಿರಣಿಯನ್ನು ನಾನೇ ನಡೆಸುತ್ತೇನೆ. ಭತ್ತ ಕೊಳ್ಳಲು ಹುಣಸೂರು, ಎಚ್.ಡಿ. ಕೋಟೆ ಅಂತ ಹಳೇ ಜೀಪಿನಲ್ಲಿ ತಿರುಗಿ ತಿರುಗಿ ಸೊಂಟ ಕೈಕೊಟ್ಟಿತು. ಡಾಕ್ಟರು, "ಜೀಪ್ ಬಿಡ್ತೀರೋ ಸೊಂಟ ಬಿಡ್ತೀರೋ, ನೀವೇ ಯೋಚನೆ ಮಾಡಿ" ಅಂದರು. ಸೊಂಟವನ್ನೇ ಇಟ್ಟುಕೊಳ್ಳೋಣ ಅಂದುಕೊಂಡೆ. ಜೊತೆಗೆ ಇನ್ನೊಂದು ಆಸೆಯೂ ಇತ್ತು. ಬೆಳಗಿನಿಂದ ಸಂಜೆಯವರೆಗೆ ಗಿರಣಿಯ ಗಡಗಡದಲ್ಲಿ ಇರುವವಳು ನಾನು. ಮನೆಗೆ ಬಂದರೆ ಟೀವಿ, ಅತ್ತೆ. ಸದ್ದಿಲ್ಲದ ಒಂದು ಜಾಗ ನನ್ನದು ಅಂತ ಬೇಕಿತ್ತು. ಕೊಳ್ಳುವುದಾದರೆ ಒಳ್ಳೇ ಐಷಾರಾಮಿ ಕಾರೇ ಇರಲಿ, ಆದರೆ ಕರೆಂಟಿನದೇ ಆಗಲಿ ಅನ್ನಿಸಿತು. ಅನ್ನಿಸಿದ್ದು ನನಗೆ. ಮಾತಾಡಿದ್ದು ಮಿಕ್ಕವರೆಲ್ಲ.

೧. ಸಾರ್ ಏನಂತಾರೆ?

ಮೈಸೂರಿನ ಷೋರೂಮಿಗೆ ನಮ್ಮ ಯಜಮಾನರನ್ನೂ ಕರೆದುಕೊಂಡು ಹೋದೆ. ಅವರು ನಿವೃತ್ತ ಕನ್ನಡ ಮೇಷ್ಟರು. ಇದುವರೆಗೆ ಸ್ಟೇರಿಂಗ್ ಮುಟ್ಟಿದವರಲ್ಲ. ಗೇರು ಅಂದರೆ ಅವರಿಗೆ ಗೇರುಬೀಜ ಒಂದೇ ಗೊತ್ತು.

ಟೈ ಕಟ್ಟಿದ ಸೇಲ್ಸ್‌ಮನ್ ಬಾಗಿಲಲ್ಲೇ ಅವರ ಕೈಕುಲುಕಿದ. "ಸರ್, ನೀವು ಸಿಟೀಲಿ ಜಾಸ್ತಿ ಓಡಿಸ್ತೀರೋ, ಹೈವೇನಲ್ಲೋ?"

"ನಾನು ಎರಡು ಕಡೇನೂ ನಿದ್ದೆ ಮಾಡ್ತೀನಿ" ಅಂದರು ಯಜಮಾನರು.

ಸೇಲ್ಸ್‌ಮನ್ ಮುಖ ಬಿಳಿಚಿಕೊಂಡಿತು. "ಓಡಿಸೋದು ನಾನು. ಕೊಳ್ಳೋದೂ ನಾನು" ಅಂತ ಬಿಡಿಸಿ ಹೇಳಿದೆ.

"ಖಂಡಿತ ಮೇಡಂ" ಅಂದವನೇ ಮತ್ತೆ ಅವರ ಕಡೆ ತಿರುಗಿ, "ಸರ್, ಇದರ ಪಿಕಪ್ ನೋಡಬೇಕು ನೀವು!" ಅಂದ.

ಬ್ಯಾಟರಿ ಎಷ್ಟು ವರ್ಷ ಬಾಳಿಕೆ ಬರುತ್ತೆ ಅಂತ ಕೇಳಿದವಳು ನಾನು. ಉತ್ತರ ಹೋಗಿದ್ದು ಯಜಮಾನರಿಗೆ. ನೀರು ನಿಂತ ರಸ್ತೆಯಲ್ಲಿ ಏನಾಗುತ್ತೆ ಅಂದವಳು ನಾನು. ಅದಕ್ಕೂ ಉತ್ತರ ಅವರಿಗೇ. ಅವರು ಕ್ಲಾಸಿನಲ್ಲಿ ದಡ್ಡ ಹುಡುಗರ ಉತ್ತರ ಕೇಳುತ್ತಿದ್ದ ಹಾಗೆ ತಲೆದೂಗುತ್ತಾ ನಿಂತಿದ್ದರು. ಕೊನೆಗೆ ಸೇಲ್ಸ್‌ಮನ್ನಿಗೆ ನನ್ನ ನೆನಪಾಗಿ, ಮುಂದಿನ ಸೀಟಿನ ಮೇಲ್ಗಡೆಯಿಂದ ಒಂದು ಮುಚ್ಚಳ ಇಳಿಸಿ ತೋರಿಸಿದ. "ಮೇಡಂ, ನಿಮಗೋಸ್ಕರ ಇಲ್ಲಿ ಕನ್ನಡಿ ಕೊಟ್ಟಿದ್ದಾರೆ. ಲೈಟೂ ಇದೆ."

ನೋಡಿಕೊಂಡೆ. ನನ್ನ ಮುಖ ಕಂಡು ನನಗೇ ಭಯವಾಯಿತು. ಅವನಿಗೂ ಆಗಿರಬೇಕು, ಆಮೇಲೆ ಕೀ ತಂದು ನನ್ನ ಕೈಗೇ ಕೊಟ್ಟ.

೨. ಭಾವನ ಸಲಹೆ

ಒಂದು ದಿನ ಪೂರ್ತಿ ಓಡಿಸಿ ನೋಡಿ ಅಂತ ಆ ಸೇಲ್ಸ್‌ಮನ್ನೇ ಕಾರು ತಂದ. ತಾನೂ ಹಿಂದಿನ ಸೀಟಿನಲ್ಲಿ ಕೂತ. ಯಜಮಾನರು ಮುಂದೆ ಕೂತು ಊರು ದಾಟುವ ಮೊದಲೇ ಕಣ್ಣು ಮುಚ್ಚಿದರು. ಮೊದಲು ಹೋಗಿದ್ದು ಹುಣಸೂರಿಗೆ. ಅಲ್ಲಿ ನಮ್ಮಕ್ಕನ ಗಂಡ ಮರ ಕೊಯ್ಯುವ ಮಿಲ್ಲು ಇಟ್ಟಿದ್ದಾರೆ. ಅವರ ಮೈಯಲ್ಲಿ ಹರಿಯುವುದು ರಕ್ತವಲ್ಲ, ಡೀಸೆಲ್ಲು.

"ಲೀಟ್ರಿಗೆ ಎಷ್ಟು ಕೊಡ್ತದೆ?" ಅಂತ ಭಾವ ಸೇಲ್ಸ್‌ಮನ್ನನ್ನು ಕೇಳಿದರು.

"ಇದಕ್ಕೆ ಲೀಟ್ರೇ ಇಲ್ಲ ಸರ್."

"ಲೀಟ್ರೇ ಇಲ್ದ ಮ್ಯಾಲೆ ಅದು ಗಾಡಿ ಎಂಗಾದದು?" ಅಂದು ನನ್ನ ಕಡೆ ತಿರುಗಿದರು. "ನೋಡವ್ವಾ, ನಮ್ ಜಮೀನ್ಗೆ ಕರೆಂಟು ಯಾವಾಗ ಬತ್ತದೆ ಅಂತ ಲೈನ್‌ಮನ್ನಿಗೇ ಗೊತ್ತಿಲ್ಲ. ಅದ್ನ ನಂಬ್ಕಂಡು ಊರೂರು ತಿರುಗ್ತೀಯಾ? ಡೀಸಲ್ದು ತಕ್ಕೊ. ಮರ ಏರಿದ್ರೂ ಜಗ್ಗಲ್ಲ."

"ನಾನ್ಯಾಕೆ ಮರ ಹೇರಲಿ ಭಾವ?"

"ಯಾರು ಕಂಡೋರು? ಯಾಪಾರ ಅಂದ್ಮೇಲೆ ಯಾವತ್ತು ಏನೋ!"

ತಪ್ಪು ಹುಡುಕಲೆಂದೇ ಒಳಗೆ ಕೂತರು. ಸೇಲ್ಸ್‌ಮನ್ ಒಂದು ಗುಂಡಿ ಒತ್ತಿದ. ಆ ಸೀಟು ಬೆನ್ನು ನೀವುವ ಸೀಟು. ಭಾವನ ಬಾಯಿ ನಿಂತಿತು, ಕಣ್ಣು ಮುಚ್ಚಿತು. ಅಕ್ಕ ಕಾಫಿ ತಂದಳು; ಅಲ್ಲೇ ಕುಡಿದರು. ಎ.ಸಿ. ಜೋರು ಮಾಡಿಸಿಕೊಂಡು ಅಲ್ಲೇ ಗೊರಕೆ ಹೊಡೆದರು. ನಾವು ಮೂವರೂ ಮರದ ದಿಮ್ಮಿಯ ಮೇಲೆ ಕಾದು ಕೂತೆವು. ನನ್ನ ಸೊಂಟಕ್ಕೆ ಅಂತ ನೋಡಲು ಬಂದ ಕಾರು ಭಾವನ ಸೊಂಟ ಒತ್ತುತ್ತಿತ್ತು.

ಎದ್ದು ಬಂದು ತೀರ್ಪು ಕೊಟ್ಟರು. "ಕಾರು ಬೋ ಚೆನ್ನಾಗದೆ. ಕರೆಂಟೊಂದೇ ದೋಸ. ನೀನೊಂದು ಕೆಲ್ಸ ಮಾಡು. ಡಿಕ್ಕೀಲಿ ಒಂದು ಸಣ್ಣ ಡೀಸಲ್ ಜನರೇಟರ್ ಮಡಿಕ್ಕೊ."

"ಆಗ ಅದು ಡೀಸೆಲ್ ಕಾರೇ ಆಯ್ತಲ್ಲ ಭಾವ?"

"ಮತ್ತೆ ನಾನು ಬಂದಾಗ್ನಿಂದ ಯೋಳ್ತಿರೋದು ಇನ್ನೇನು?"

೩. ಪಟ್ಟಣದ ದಾರಿ

ಅಲ್ಲಿಂದ ಪಿರಿಯಾಪಟ್ಟಣದ ನಮ್ಮ ಚಿಕ್ಕಮ್ಮನ ಮನೆಗೆ ಹೊರಟೆವು. ನಿಜ ಹೇಳಬೇಕು, ಆ ರಸ್ತೆಯಲ್ಲಿ ಕಾರು ಹೋದ ರೀತಿಗೆ ನನಗೆ ಕಣ್ಣು ತುಂಬಿ ಬಂತು. ಎರಡೂ ಕಡೆ ಹೊಗೆಸೊಪ್ಪಿನ ಹೊಲ, ಕಿಟಕಿ ಮುಚ್ಚಿದರೆ ಗಾಳಿಯ ಸದ್ದೂ ಇಲ್ಲ. ಇದೇ, ನನಗೆ ಬೇಕಾಗಿದ್ದು ಇದೇ ಅಂದುಕೊಳ್ಳುತ್ತಿದ್ದೆ. ಸೇಲ್ಸ್‌ಮನ್ ಬಾಯಿಬಿಟ್ಟ.

"ಮೇಡಂ, ಎಲ್ಲಿಗೆ ಹೋಗಬೇಕು ಅಂತ ಬಾಯಲ್ಲಿ ಹೇಳಿ ಸಾಕು. ಕಾರೇ ದಾರಿ ತೋರಿಸುತ್ತೆ."

"ನಾನು ಹುಟ್ಟಿದಾಗಿನಿಂದ ಓಡಾಡಿರೋ ದಾರಿ ಕಣಪ್ಪ ಇದು."

"ಆದರೂ ಒಂದ್ಸಲ ಹೇಳಿ ಮೇಡಂ, ಪ್ಲೀಸ್."

"ಪಿರಿಯಾಪಟ್ನ" ಅಂದೆ. ಕಾರಿನೊಳಗಿನ ಹೆಂಗಸಿನ ದನಿ ಅರ್ಥವಾಗಲಿಲ್ಲ ಅಂದಿತು. ಸೇಲ್ಸ್‌ಮನ್, "ಪಿರಿಯಾ... ಪಟ್... ನಾ" ಅಂತ ಮುರಿದು ಮುರಿದು ಹೇಳಿದ. ಅರ್ಥವಾಗಲಿಲ್ಲ. ಅವನಿಗೆ ಮಾನದ ಪ್ರಶ್ನೆ, ನನ್ನ ಕಿವಿಯ ಪಕ್ಕವೇ ಬಾಯಿ ತಂದು, "ಪಟ್ನಾ! ಪಟ್ನಾ!" ಅಂತ ಕಿರುಚಿದ. ನಮ್ಮ ಗಿರಣಿಯೇ ವಾಸಿ.

ಈಗ ಆಕೆಗೆ ಖುಷಿಯಾಯಿತು. ಪಾಟ್ನಾ, ಬಿಹಾರ ಅಂದಳು. ಇರುವ ಚಾರ್ಜು ಸಾಲದು, ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಬೇಕಾಗುತ್ತದೆ ಅಂತಲೂ ಎಚ್ಚರಿಸಿದಳು.

ಯಜಮಾನರು ಥಟ್ಟನೆ ಕಣ್ಣುಬಿಟ್ಟರು. ಯಾಕೆ, ಏನು ಅಂತ ಒಂದು ಮಾತು ಕೇಳಲಿಲ್ಲ. "ಬಿಹಾರಕ್ಕಾ? ಮೊದಲೇ ಹೇಳ್ಬಾರದಾ ಮಾರಾಯ್ತಿ, ಸ್ವೆಟರ್ ತರ್ತಿದ್ದೆ."

೪. ಮೆಣಸಿನಕಾಯಿ ಸಾಲು

ಚಿಕ್ಕಮ್ಮನ ಬೀದಿಯವರನ್ನೆಲ್ಲ ಒಂದೊಂದು ಸುತ್ತು ಕೂರಿಸಿ ತಿರುಗಿಸಿದ್ದಾಯಿತು. ಆಮೇಲೆ ಭತ್ತದ ವಿಚಾರಕ್ಕೆ ಎಚ್.ಡಿ. ಕೋಟೆ ದಾಟಿ ಅಂತರಸಂತೆಗೆ ಹೋದೆವು. ಅಲ್ಲಿ ಕಾರಿನ ಚಾರ್ಜು ತಳ ಕಂಡಿತು. ಮುಂದೆ ಕಾಡು, ಹಿಂದೆ ಬಂದ ದಾರಿ. "ಇಷ್ಟು ಬೇಗ ಇಳೀಬಾರದಿತ್ತು" ಅಂತ ಸೇಲ್ಸ್‌ಮನ್ ಬೆವರಿದ.

ಕಾರು ಚಾರ್ಜ್ ಮಾಡಲು ಬೇಕಾದ ದಪ್ಪ ಪಿನ್ನಿನ ಪ್ಲಗ್ಗು ಇರುವುದು ಹಿಟ್ಟಿನ ಗಿರಣಿಯಲ್ಲಿ ಮಾತ್ರ ಅಂದರು ಊರಿನವರು. ಅಲ್ಲಿಗೆ ಹೋದರೆ ಆ ಪ್ಲಗ್ಗಿನಲ್ಲಿ ಖಾರದ ಪುಡಿಯ ಮಿಷನ್ನು ಓಡುತ್ತಿತ್ತು. ಮೆಣಸಿನಕಾಯಿ ಚೀಲ ಇಟ್ಟುಕೊಂಡು ಹೆಂಗಸರ ಸಾಲು.

ಗಿರಣಿಯವನು ಕಾರನ್ನೂ ನೋಡಿದ, ಟೈಯನ್ನೂ ನೋಡಿದ. "ಯಾರೇ ಆಗ್ಲಿ, ಸಾಲ್ನಲ್ಲಿ ಬನ್ನಿ."

ಹೀಗೆ ಆ ಮಹಾ ಕಾರು ಚೀಲಗಳ ಹಿಂದೆ ನಿಂತಿತು. ಖಾರದ ಘಾಟಿಗೆ ನಾವು ಮೂವರೂ ಸರದಿಯ ಮೇಲೆ ಸೀನುತ್ತಿದ್ದೆವು. ಸೇಲ್ಸ್‌ಮನ್ ಟೈಯಲ್ಲೇ ಮೂಗು ಒರೆಸಿಕೊಂಡು, ಮುಂದಿದ್ದ ಒಬ್ಬ ಅಜ್ಜಿಯ ಹತ್ತಿರ ಹೋಗಿ ಬೇಡಿದ. "ಅಜ್ಜಿ, ನಮಗೆ ಸ್ವಲ್ಪ ಅರ್ಜೆಂಟು. ಮುಂದೆ ಬಿಡ್ತೀರಾ?"

ಅಜ್ಜಿ ಕರುಣೆಯಿಂದಲೇ ವಿಚಾರಿಸಿದಳು. "ನಂದು ಎರಡು ಕೇಜಿ ಕಣ್ ಮಗ. ನಿಂದೆಷ್ಟು?"

ಅವನು ಗರ್ವದಿಂದ ಕಾರು ತೋರಿಸಿ, "ನಮ್ದು ಎರಡು ಟನ್ನು ಅಜ್ಜಿ" ಅಂದ.

"ಹಂಗಾರೆ ಕೊನೇಗೆ ನಿಂತ್ಕೊ. ಕಮ್ಮಿ ಇರೋರು ಬ್ಯಾಗ ಮುಗಿಸ್ಕೊಂಡು ಹೋಗ್ಲಿ."

೫. ಎಂಜಿನ್ ಎಲ್ಲಿ?

ಇಷ್ಟಾದರೂ ಆ ಕಾರನ್ನೇ ಕೊಂಡೆ. ಅಷ್ಟು ಅಲೆದು, ಸರದಿ ಬಂದ ಮೇಲೆ ಚಾರ್ಜು ತುಂಬಿಸಿಕೊಂಡು ಮನೆಗೆ ಬಂದು ಇಳಿದಾಗ ಸೊಂಟ ನೋಯಲಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಾಗಿರಲಿಲ್ಲ. ಗಿರಣಿಯಲ್ಲಿ ಕರೆಂಟಿನ ಒಳ್ಳೇ ಲೈನ್ ಇದೆ, ಅಲ್ಲೇ ತುಂಬಿಸಿಕೊಂಡು ಹೊರಟರೆ ಕೋಟೆಗೆ ಹೋಗಿ ಬರಬಹುದು. ಅದನ್ನು ಭಾವನಿಗೆ ಹೇಳಿದೆ. "ನಿನ್ ಇಷ್ಟ ಬುಡು" ಅಂದರು.

ಕಾರು ಬಂದ ದಿನ ಗಿರಣಿ ಅಂಗಳದಲ್ಲಿ ಪೂಜೆ. ಹಮಾಲಿಗಳು, ಭತ್ತ ತಂದ ರೈತರು, ಅಕ್ಕಪಕ್ಕದವರು ಎಲ್ಲ ಸೇರಿದ್ದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಯಿತು. ಐನೋರು, "ಬಾನೆಟ್ ತೆಗೀರಮ್ಮ, ಎಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಬೇಕು" ಅಂದರು.

ತೆಗೆದೆ. ಒಳಗೆ ತೊಳೆದಿಟ್ಟ ತೊಟ್ಟಿಯ ಹಾಗೆ ಖಾಲಿ ಜಾಗ.

ಎಲ್ಲರೂ ಬಗ್ಗಿ ನೋಡಿದರು. ನಮ್ಮತ್ತೆ ಎದೆ ಬಡಿದುಕೊಂಡರು. "ಅಯ್ಯಯ್ಯೋ, ಇಂಜಿನ್ನೇ ಮಡಗಿಲ್ವಲ್ಲೋ! ನನ್ ಸೊಸೇಗೆ ಟೋಪಿ ಆಕವ್ರೆ ಕಣ್ರೋ!"

"ಅತ್ತೆ, ಇದಕ್ಕೆ ಎಂಜಿನ್ ಇರಲ್ಲ. ಕೆಳಗಡೆ ಮೋಟಾರ್ ಇದೆ."

"ಅಂಗಂತ ನಿಂಗೆ ಯೋಳವ್ರೆ. ನೀನು ನಂಬಿದ್ದೀಯ."

ಇಬ್ಬರು ಹಮಾಲಿಗಳು ಕಾರಿನ ಅಡಿಗೆ ನುಸುಳಿ ಹುಡುಕಿ, ಏನೂ ಕಾಣಲ್ಲ ಅಂತ ಎದ್ದು ಬಂದರು. ಐನೋರು, "ಖಾಲಿ ಜಾಗಕ್ಕೆ ಏನಂತ ಪೂಜೆ ಮಾಡಲಿ?" ಅಂತ ಕೈಕಟ್ಟಿ ನಿಂತರು. ಕೊನೆಗೆ ಆ ತೊಟ್ಟಿಯೊಳಗೆ ತೆಂಗಿನಕಾಯಿ, ಬಾಳೆಹಣ್ಣಿನ ಬುಟ್ಟಿ ಇಟ್ಟು ಅದಕ್ಕೇ ಮಂಗಳಾರತಿ ಮಾಡಿದರು.

ಸುದ್ದಿ ನನಗಿಂತ ಮೊದಲು ಊರೂರು ಮುಟ್ಟಿತು. ಹೋದಲ್ಲೆಲ್ಲ ಒಂದೇ ಪ್ರಶ್ನೆ, "ಇಂಜಿನ್ ಬಂತಾ ಅಕ್ಕೋರೆ?" ಮೊದಮೊದಲು ಮೋಟಾರು, ಬ್ಯಾಟರಿ ಅಂತ ಬಿಡಿಸಿ ಹೇಳುತ್ತಿದ್ದೆ. ಅವರು ನನ್ನನ್ನು ಸಮಾಧಾನ ಮಾಡುವ ಹಾಗೆ, "ಕೇಸ್ ಆಕಿ, ಬುಡ್ಬೇಡಿ" ಅನ್ನುತ್ತಿದ್ದರು. ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಯಿತು.

ಮೊನ್ನೆ ಕಟ್ಟೆಮಳಲವಾಡಿಯಿಂದ ಭತ್ತ ತಂದ ಹಿರಿಯರೊಬ್ಬರು ಕಾರಿನ ಪಕ್ಕ ನಿಂತು ಅದೇ ಪ್ರಶ್ನೆ ಕೇಳಿದರು. "ಇಂಜಿನ್ ಬಂತಾ ಅಕ್ಕೋರೆ?"

ನನಗೆ ಸಾಕಾಗಿತ್ತು. "ಬಂತು" ಅಂದುಬಿಟ್ಟೆ.

"ಎಷ್ಟು ತಕ್ಕೊಂಡ್ರು?"

"ಫ್ರೀ ಕೊಟ್ರು."

"ಸದ್ಯ! ಎಲ್ಲಿ, ಒಂದ್ಸಲ ಸ್ಟಾಟ್ ಮಾಡಿ."

ಮಾಡಿದೆ. ಅವರು ಬಾನೆಟ್ಟಿಗೆ ಕಿವಿಯಿಟ್ಟು ತುಂಬಾ ಹೊತ್ತು ಕೇಳಿದರು. ಆಮೇಲೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು, ನನ್ನ ಕಡೆ ಮರುಕದಿಂದ ನೋಡಿ ಹೇಳಿದರು.

"ಸದ್ದೇ ಬತ್ತಿಲ್ಲ ಕಣಕ್ಕೋರೆ. ಪಿರೀ ಕೊಟ್ಟ ಇಂಜಿನ್ನು ಇನ್ನೆಂಗಿದ್ದದು ಬುಡಿ!"