ಹಾಟ್‌ಬಾಕ್ಸಿನ ಜೇನುಮರಿಗಳು

ಮಾಚೇನಹಳ್ಳಿಯಲ್ಲಿ ಕರೆಂಟು ಹೋಗಿದ್ದೇ ಎಲ್ಲಕ್ಕೂ ಮೂಲ. ಅಲ್ಲಿಯ ಪುಟ್ಟ ಪ್ರಯೋಗಾಲಯದಲ್ಲಿ ಜೇನುಮರಿಗಳಿಗೆ ಕೀಟನಾಶಕ ಉಣಿಸಿ ನೋಡುವುದು ಸುದರ್ಶನನ ಕೆಲಸ. ಗುಳಿಗಳ ಒಂದು ತಟ್ಟೆ, ಗುಳಿಗೊಂದು ಮರಿ. ಅರ್ಧದಷ್ಟಕ್ಕೆ ಔಷಧಿ ಬೆರೆಸಿದ ಊಟ, ಉಳಿದರ್ಧಕ್ಕೆ ಬರೀ ಊಟ. ಬರೀ ಊಟದವು ಬದುಕಿದರೆ ಮಾತ್ರ ಪರೀಕ್ಷೆಗೆ ಬೆಲೆ. ಪಾಪ, ಹಿಂದಿನ ಎರಡು ಸಲವೂ ಅವೇ ಸತ್ತಿದ್ದವು. ಈ ಸಲವೂ ಹಾಗಾದರೆ ಸೋಮವಾರದಿಂದ ಬರುವುದೇ ಬೇಡವೆಂದು ಮ್ಯಾನೇಜರ್ ವಿಜಯೇಂದ್ರ ಹೇಳಿಯಾಗಿತ್ತು. ಜೇನು ಸಾಕುವ ಭದ್ರಾವತಿಯ ಬಂಗಾರಪ್ಪನೂ ಇನ್ನು ಮರಿ ಕೊಡಲಾರೆನೆಂದು ಕೈಮುಗಿದಿದ್ದ.

ಬೆಳಗಿನ ಊಟ ಹನಿಸಿ ಮುಗಿಸುವಷ್ಟರಲ್ಲಿ ಮರಿಗಳನ್ನು ಬೆಚ್ಚಗಿಡುವ ಪೆಟ್ಟಿಗೆ ತಣ್ಣಗಾಗತೊಡಗಿತು. ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸುದರ್ಶನ ತಟ್ಟೆಯನ್ನು ಎದೆಗವಚಿಕೊಂಡು ಆಟೋ ಹತ್ತಿ ವಿದ್ಯಾನಗರದ ತನ್ನ ಬಾಡಿಗೆ ಮನೆಗೆ ಓಡಿದ.

ಮನೆ ಒಡತಿ ಸುಭದ್ರಮ್ಮ ಬೀದಿಯ ಬಾಣಂತಿಯರಿಗೆಲ್ಲ ದಿಕ್ಕು. ವಿಷಯ ಕೇಳಿದ್ದೇ ಚಪಾತಿಯ ಹಾಟ್‌ಬಾಕ್ಸ್ ಖಾಲಿ ಮಾಡಿ, ಬಿಸಿನೀರಿನ ಬಾಟಲಿ ಇಟ್ಟು, ಅಡುಗೆಮನೆಯ ಕಿಟಕಿಯ ಬಳಿ ತಟ್ಟೆಗೆ ಜಾಗ ಮಾಡಿದರು. ಪಕ್ಕದ ಮನೆಯ ಶರಣ್ಯಾ ಮಗುವಿನ ಜ್ವರ ನೋಡುವ ಥರ್ಮಾಮೀಟರ್ ತಂದಳು. ಹಬೆಗೆ ತಟ್ಟೆಯ ಮೇಲಿನ ಪೆನ್ನಿನ ಗುರುತು ಅಳಿಸಿಹೋಯಿತು. ಕಿಟಕಿ ಕಡೆಯವು ಔಷಧಿಯವು, ಅಷ್ಟು ನೆನಪಿದ್ದರೆ ಸಾಕು ಎಂದುಕೊಂಡ ಸುದರ್ಶನ.

ಸುಭದ್ರಮ್ಮ ಕನ್ನಡಕ ಏರಿಸಿ ಬಗ್ಗಿದರು. "ಇವಕ್ಕೆ ತಲೆ ಯಾವ ಕಡೆಗಿದೆಯೋ?"

ಶಾವಿಗೆ ಚೂರಿನಂತೆ ಸುತ್ತಿಕೊಂಡ ಮರಿಯ ತಲೆ ಅದರ ತಾಯಿಗೂ ತಿಳಿಯಲಾರದು. ಸುದರ್ಶನನ ಕಣ್ಣು ಥರ್ಮಾಮೀಟರಿನ ಮೇಲಿತ್ತು. "ಕಿಟಕಿ ಕಡೆಗೆ ಅಂತಿಟ್ಕೊಳ್ಳಿ" ಎಂದುಬಿಟ್ಟ.

ತಾವು ನೋಡಿಕೊಳ್ಳುವುದಾಗಿ ಹೇಳಿ ಅವರು ಅವನಿಗೆ ಬಡಿಸಿ, ಗದರಿ ಮಲಗಿಸಿದರು. ಸಂಜೆ ಎದ್ದು ನೋಡಿದರೆ ಒಂದು ಮರಿಯೂ ಸತ್ತಿರಲಿಲ್ಲ. ಕಿಟಕಿ ಕಡೆಯವಕ್ಕೆ ಔಷಧಿಯ ಊಟ, ಈ ಕಡೆಯವಕ್ಕೆ ಬರೀ ಊಟ ಹನಿಸಿದ. ಅಷ್ಟರಲ್ಲಿ ಕರೆಂಟು ಬಂತೆಂದು ವಿಜಯೇಂದ್ರನ ಫೋನೂ ಬಂತು. ಸುದರ್ಶನನಿಗೆ ಅಳು ಬರುವಷ್ಟು ಖುಷಿಯಾಯಿತು.

"ನನ್ನ ಕೆಲಸ ಉಳಿಸಿದ್ರಿ" ಎಂದು ಸುಭದ್ರಮ್ಮನ ಕಾಲಿಗೆ ಬಿದ್ದ.

"ನಂದೇನಿದೆ ಮಾರಾಯ" ಎಂದು ಅವರು ನಾಚಿದರು. "ಬೆಚ್ಚಗಿಟ್ಬಿಟ್ರೆ ಆಯ್ತಾ? ಹಸುಗೂಸುಗಳನ್ನ ಉತ್ತರಕ್ಕೆ ತಲೆ ಹಾಕಿ ಮಲಗ್ಸಿದ್ಯಲ್ಲ ನೀನು. ನೀನು ನಿದ್ದೆ ಹೋದ ಮೇಲೆ ತಟ್ಟೆ ತಿರುಗ್ಸಿಟ್ಟೆ. ಇನ್ನು ಅವುಗಳ ಆಯುಸ್ಸಿಗೆ ಏನೂ ಭಯ ಇಲ್ಲ."

ಸುದರ್ಶನ ನೆಲದಿಂದ ಏಳಲಿಲ್ಲ. ಬೆಳಿಗ್ಗೆ ಲ್ಯಾಬಿನಲ್ಲಿ ಔಷಧಿ ತಿಂದವು ಅರ್ಧ, ಈಗ ತಿಂದವು ಉಳಿದರ್ಧ. ಬರೀ ಊಟದ ಮರಿ ಅಂತ ಒಂದೂ ಉಳಿದಿರಲಿಲ್ಲ.

ಮರಿಗಳು ಮಾತ್ರ ದಕ್ಷಿಣಕ್ಕೆ ತಲೆ ಹಾಕಿಕೊಂಡು ನೆಮ್ಮದಿಯಾಗಿ ಉಣ್ಣುತ್ತಿದ್ದವು.